ಗ್ರೆಗರ್‌ಗೆ ನಾನು ಕಲಿಸಿದ ಕನ್ನಡ

ಮೊನ್ನೆ ಕತಾರಿನ ಮೆಟ್ರೋದ ಮುಶೈರಿಬ್ ನಿಲ್ದಾಣದಲ್ಲಿ ಎಸ್ಕಲೇಟರ್ ಇಳಿಯುವಾಗ ಪೆಪ್ಪರ್‌ಮೆಂಟಿನ ವಾಸನೆ ಬಂತು. ಚೂಯಿಂಗ್ ಗಮ್ಮಿನ ಸಿಹಿ ವಾಸನೆಯಲ್ಲ. ಬಿಳಿಯ, ದಪ್ಪನೆಯ, ಬಾಯಿಗೆ ಹಾಕಿಕೊಂಡರೆ ಮೂಗಿನವರೆಗೂ ತಣ್ಣಗೆ ಏರುವ ಹಳೇ ಕಾಲದ ಪೆಪ್ಪರ್‌ಮೆಂಟು. ಎರಡು ಮೆಟ್ಟಿಲು ಕೆಳಗೆ ನಿಂತಿದ್ದ ಫಿಲಿಪೀನ್ಸ್‌ನ ನರ್ಸ್ ಒಬ್ಬಳು ಪೊಟ್ಟಣ ಬಿಚ್ಚುತ್ತಿದ್ದಳು, ಅಷ್ಟೇ. ನಾನು ಮಾತ್ರ ಗಾಬರಿಯಾಗಿ ಹಿಂದೆ ಮುಂದೆ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಪಾಲಿಗೆ ಪೆಪ್ಪರ್‌ಮೆಂಟೇ ಆ ಕುಂಬಳಕಾಯಿ.

"ಯಾರನ್ನ ಹುಡುಕ್ತಿದೀರ ಅಪ್ಪ?" ಎಂದಳು ಪಕ್ಕದಲ್ಲಿದ್ದ ಮಗಳು ಇಂಚರ.

"ಯಾರೂ ಇಲ್ಲ" ಎಂದೆ. ಒಂಬತ್ತು ವರ್ಷದ ಹುಡುಗಿಗೆ ಇನ್ನೇನು ಹೇಳುವುದು? ಇಲ್ಲಿನ ಪ್ಲಾಟ್‌ಫಾರಂಗಳಿಗೆ ಗಾಜಿನ ಬಾಗಿಲು ಹಾಕಿದ್ದಾರೆ, ಹಳಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಅದೊಂದು ಉಪಕಾರ. ಹಳಿ ಹಾಕುವುದೇ ಕಸುಬಾದವನು ಹಳಿ ಕಂಡರೆ ಮುಖ ತಿರುಗಿಸುತ್ತಾನೆ ಅಂದರೆ ಯಾರಾದರೂ ನಕ್ಕಾರು. ಆದರೆ ಗಾಡಿ ಬಂದು ನಿಂತಾಗಲೆಲ್ಲ, ಇದರಲ್ಲಿ ಕೂರಬೇಕಾಗಿದ್ದ ಒಬ್ಬರು ಕೂರಲೇ ಇಲ್ಲವಲ್ಲ ಅನ್ನುವುದು ನೆನಪಾಗುತ್ತದೆ. ಅವರು ಕೂರದ ಹಾಗೆ ಮಾಡಿದವನು ನಾನು. ಇದನ್ನು ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಹೇಳಿಬಿಡುವುದು ಮೇಲು.

ಇಂಚರ ಹುಟ್ಟಿದ ವರ್ಷದ ಬೇಸಿಗೆ ಅದು. ಆಗ ನಾನು ಹಳಿ ಜೋಡಿಸುವ ಒಂದು ಉಪಗುತ್ತಿಗೆ ಕಂಪನಿಯಲ್ಲಿದ್ದೆ. ಅದರ ಹೆಸರು ಬೇಡ, ಈಗ ಅದು ಬಾಗಿಲೂ ಹಾಕಿದೆ. ಊರಾಚೆ ಮರಳಿನ ಬಯಲಿನಲ್ಲಿ ನಮ್ಮದೊಂದು ಯಾರ್ಡು. ಹಡಗಿನಿಂದ ಬಂದ ಹಳಿಗಳನ್ನು ಅಲ್ಲಿ ಇಳಿಸಿ, ಸಣ್ಣ ಗೂಡ್ಸ್ ಗಾಡಿಗೆ ಹೇರಿ ಕೆಲಸದ ಜಾಗಕ್ಕೆ ಕಳಿಸುತ್ತಿದ್ದೆವು. ಆ ಗಾಡಿ ಓಡಾಡಲು ಯಾರ್ಡಿನೊಳಗೆ ತಾತ್ಕಾಲಿಕ ಹಳಿ ಹಾಕಿದ್ದೆವು. ನನ್ನ ಕೆಲಸ ಆ ಹಳಿಯ ತಪಾಸಣೆ. ನನ್ನ ಮೇಲಿದ್ದವರು ಗ್ರೆಗರ್.

ಗ್ರೆಗರ್ ಸ್ಕಾಟ್ಲೆಂಡಿನವರು. ಅರವತ್ತು ದಾಟಿತ್ತು. ಎತ್ತರದ ಆಳು, ಬಿಸಿಲಿಗೆ ಸದಾ ಕೆಂಪಗೆ ಸುಟ್ಟ ಕತ್ತು, ಅಂಗಿಯ ಜೇಬಿನಲ್ಲಿ ಸದಾ ಪೆಪ್ಪರ್‌ಮೆಂಟಿನ ಡಬ್ಬಿ. ಉಳಿದ ದೊಡ್ಡವರನ್ನೆಲ್ಲ ನಾವು ಸರ್ ಅನ್ನುತ್ತಿದ್ದೆವು. ಇವರು ಮಾತ್ರ ಹಾಗೆ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ಹೆಸರು ನಂಜುಂಡ, ಮೈಸೂರು ಕಡೆಯವನು. ಅವರ ಬಾಯಲ್ಲಿ ನಾನು ನಂಜು ಆದೆ. ನಂಜು ಅಂದರೆ ವಿಷ ಅಂತ ನಾನು ಅವರಿಗೆ ಯಾವತ್ತೂ ಹೇಳಲಿಲ್ಲ.

ಅವರ ಇಂಗ್ಲಿಷಿನ ಮಾತನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆ ಉರುಳಾಡುವ ರಕಾರ ನನ್ನಿಂದ ಬರೆಯಲಾಗದು.

ಆ ವರ್ಷ ಆಗಸ್ಟಿನಲ್ಲಿ ಗಾಳಿ ನಿಂತುಹೋಗಿತ್ತು. ಸಮುದ್ರದ ಹಬೆ ಬಂದು ಊರಿನ ಮೇಲೆ ಕೂತಿತ್ತು. ಕ್ಯಾಬಿನ್ನಿನ ಏಸಿಯಿಂದ ಹೊರಗೆ ಕಾಲಿಟ್ಟರೆ ಕನ್ನಡಕ ಮಬ್ಬಾಗಿ ಎದುರಿಗಿದ್ದವರು ಕಾಣುತ್ತಿರಲಿಲ್ಲ. ಹಳಿ ಮುಟ್ಟಿದರೆ ಬೊಬ್ಬೆ ಏಳುತ್ತಿತ್ತು. ಗ್ರೆಗರ್ ಒಂದು ದುಂಡನೆಯ ಥರ್ಮಾಮೀಟರನ್ನು ಹಳಿಗೆ ಅಂಟಿಸಿ, ಮಗುವಿನ ಹಣೆ ಮುಟ್ಟಿದವರ ಹಾಗೆ ತಲೆ ಅಲ್ಲಾಡಿಸಿ, "ಇವತ್ತೂ ಜ್ವರ ಇಳಿದಿಲ್ಲ ಇವನಿಗೆ" ಅನ್ನುತ್ತಿದ್ದರು. ಬಿಸಿಲಿಗೆ ಹಳಿ ಹಿಗ್ಗುತ್ತದೆ, ಸಂಜೆಗೆ ಕುಗ್ಗುತ್ತದೆ. ನಮ್ಮ ಯಾರ್ಡಿನ ಹಳಿಗೆ ಬೆಸುಗೆ ಇರಲಿಲ್ಲ. ಎರಡು ತುದಿಗಳನ್ನು ಸೇರಿಸಿ ಅಕ್ಕಪಕ್ಕ ಫಿಶ್ ಪ್ಲೇಟ್ ಎಂಬ ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟ್ ಬಿಗಿದಿದ್ದೆವು. ದಿನವೂ ಹಿಗ್ಗಿ ಕುಗ್ಗಿ ಬೋಲ್ಟುಗಳು ಸಡಿಲವಾಗುತ್ತಿದ್ದವು. ದಿನ ಬಿಟ್ಟು ದಿನ ಅವನ್ನು ನೋಡಿ ಬಿಗಿಸಬೇಕು. ಅಂಥ ಹದಿನಾರು ಜೋಡಣೆಗಳಿದ್ದವು.

ಬೇಸಿಗೆಯಲ್ಲಿ ನಡುಹಗಲು ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಹೊತ್ತಿನಲ್ಲಿ ಮೂವರು ಕ್ಯಾಬಿನ್ನಿನಲ್ಲಿ ಕೂರುತ್ತಿದ್ದೆವು. ಗ್ರೆಗರ್, ನಾನು, ಮತ್ತೆ ನಮ್ಮ ಸರ್ವೇಯರ್ ಸದಾಶಿವಣ್ಣ. ಸದಾಶಿವಣ್ಣ ಉಡುಪಿ ಕಡೆಯ ತುಳುವರು, ನನಗಿಂತ ಹತ್ತು ವರ್ಷ ದೊಡ್ಡವರು, ಕತಾರಿಗೆ ಬಂದು ಕಾಲು ಶತಮಾನ. ನನ್ನ ಡಬ್ಬಿಯ ಮೊಸರನ್ನ ಗ್ರೆಗರ್‌ಗೆ ಬಹಳ ಇಷ್ಟವಾಗಿತ್ತು. ನನ್ನ ಹೆಂಡತಿ ವಾಣಿ ಅದನ್ನು ತಿಳಿದ ಮೇಲೆ ಎರಡು ಡಬ್ಬಿ ಕಟ್ಟುತ್ತಿದ್ದಳು. ಅವಳಿಗಾಗ ಏಳು ತಿಂಗಳು.

ಊಟವಾದ ಮೇಲೆ ಗ್ರೆಗರ್ ತಮ್ಮ ಕಥೆ ಹೇಳುತ್ತಿದ್ದರು. ಅವರ ಅಪ್ಪ ಗ್ಯಾಂಗ್‌ಮನ್, ಸುತ್ತಿಗೆ ಹಿಡಿದು ಹಳಿಯುದ್ದಕ್ಕೂ ನಡೆಯುವವರು. ಇವರು ಹದಿನಾರಕ್ಕೆ ಊರಿನ ರೈಲ್ವೆ ವರ್ಕ್‌ಶಾಪಿಗೆ ಸೇರಿದರು. ಕೆಲವೇ ವರ್ಷಕ್ಕೆ ವರ್ಕ್‌ಶಾಪ್ ಮುಚ್ಚಿತು. ಅಲ್ಲಿಂದ ಜಾಂಬಿಯಾ, ಆಮೇಲೆ ಮಲೇಷ್ಯಾ, ನಡುವೆ ಸಂಜೆ ಓದಿ ಎಂಜಿನಿಯರ್ ಪಾಸು ಮಾಡಿಕೊಂಡಿದ್ದು, ಕೊನೆಗೆ ಇಲ್ಲಿ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ, ಊರಿನಲ್ಲಿ ಒಬ್ಬ ತಂಗಿ.

"ಬಿಳಿಯರೆಲ್ಲ ತಮ್ಮನ್ನು ಎಕ್ಸ್‌ಪ್ಯಾಟ್ ಅಂತ ಕರೆದುಕೊಳ್ತಾರೆ" ಅನ್ನುತ್ತಿದ್ದರು. "ನಾನು ವಲಸೆಗಾರ ಕಣೋ ನಂಜು, ನಿನ್ನ ಹಾಗೆ. ಹೊಟ್ಟೆ ಎಲ್ಲಿಗೆ ಕರೀತೋ ಅಲ್ಲಿಗೆ ಹೋದೆ."

ಅವರಿಗಿದ್ದ ಹೆಮ್ಮೆ ಒಂದೇ. "ನಲವತ್ತಾರು ವರ್ಷ. ನಾನು ಸಹಿ ಹಾಕಿದ ಹಳಿ ಮೇಲಿಂದ ಒಂದೇ ಒಂದು ಚಕ್ರ ಕೆಳಗಿಳಿದಿಲ್ಲ." ಹಾಗನ್ನುವಾಗ ಪಕ್ಕದ ಮರದ ಮೇಜನ್ನು ಬೆರಳಿನಿಂದ ಕುಟ್ಟುತ್ತಿದ್ದರು, ದೃಷ್ಟಿಯಾಗದಿರಲಿ ಅಂತ. ಆ ಮಾತು ಹಾಗೇ ಉಳಿಯಬೇಕು, ನಮ್ಮ ಲೈನಿನ ಮೊದಲ ಗಾಡಿಯಲ್ಲಿ ಕೂತು ನೋಡಬೇಕು, ಮಾರನೇ ದಿನ ಊರಿನ ವಿಮಾನ ಹತ್ತಬೇಕು. ಇನ್ನೇನೂ ಬೇಕಿರಲಿಲ್ಲ ಅವರಿಗೆ.

ಒಂದು ಮಧ್ಯಾಹ್ನ ಅವರಿಗೆ ಸಿಟ್ಟು ಬಂದಿತ್ತು. ಬಿಗಿಸಿದ್ದೇವೆ ಅಂತ ಹುಡುಗರು ಹೇಳಿದ ಬೋಲ್ಟು ಅವರ ಕೈಯಲ್ಲೇ ತಿರುಗಿತ್ತು.

"ನೀವು ತಲೆ ಆಡಿಸ್ತೀರಲ್ಲ, ಅದು ಹೌದೋ ಅಲ್ಲವೋ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ" ಎಂದರು. "ಯೆಸ್ ಅಂದರೆ ಯೆಸ್ ಅಲ್ಲ. ಇಲ್ಲಿಯವರು ಹೊರಡೋಣ ಅಂತ ‘ಯಲ್ಲಾ’ ಅಂದರೆ ಹೊರಟರು ಅಂತಲ್ಲ. ಕೆಲಸ ಮುಗಿದಿದೆ, ಇನ್ನು ಮಾತಿಲ್ಲ ಅನ್ನೋದಕ್ಕೆ ಒಂದು ಪದ ಬೇಕು ನನಗೆ."

"ಖಲಾಸ್ ಉಂಟಲ್ಲ" ಎಂದರು ಸದಾಶಿವಣ್ಣ.

"ಖಲಾಸ್ ಅಂದರೆ ಮುಗೀತು ಅಂತಲೂ ಹೌದು, ಸಾಕು ಬಿಡು ಅಂತಲೂ ಹೌದು. ಎರಡು ನಾಲಿಗೆ ಇರೋ ಪದ ಬೇಡ."

ನನಗೆ ಅವತ್ತು ಭಾಷಾಭಿಮಾನ ಉಕ್ಕಿತು. ಕತಾರಿನಲ್ಲಿ ನವೆಂಬರಿಗೊಮ್ಮೆ ಶಾಲು ಹೊದ್ದುಕೊಂಡಾಗ ಉಕ್ಕುವುದು ಆಗಸ್ಟಿನಲ್ಲೇ ಉಕ್ಕಿತು. "ನಮ್ಮಲ್ಲಿದೆ ಗ್ರೆಗರ್. ಆಯ್ತು. ಅಡುಗೆ ಆಯ್ತು, ಊಟ ಆಯ್ತು, ಮದುವೆ ಆಯ್ತು. ಆಯ್ತು ಅಂದ್ರೆ ಆಯ್ತು, ವಾಪಸ್ ಇಲ್ಲ. ನೀವು ‘ಆಯ್ತಾ’ ಅಂತ ಕೇಳಿ. ನಾನು ‘ಆಯ್ತು’ ಅಂದ್ರೆ ಮುಗಿದಿದೆ ಅಂತ ತಿಳ್ಕೊಳ್ಳಿ."

ಅವರ ಮುಖ ಅರಳಿತು. ಅವರ ಊರಿನಲ್ಲಿ ಹೌದು ಅನ್ನುವುದಕ್ಕೆ ‘ಆಯ್’ ಅನ್ನುತ್ತಾರಂತೆ. "ನನ್ನ ಪದಕ್ಕೇ ನೀವು ಬಾಲ ಹಚ್ಚಿದ್ದೀರಿ" ಎಂದು ನಕ್ಕು, "ಆಯ್-ತು, ಆಯ್-ತು" ಎಂದು ನಾಲ್ಕು ಸಲ ಹೇಳಿಕೊಂಡರು.

ಅವರು ಹೊರಗೆ ಹೋದ ಮೇಲೆ ಸದಾಶಿವಣ್ಣ ನನ್ನನ್ನೇ ನೋಡಿದರು. "ಅರ್ಧ ಕಲಿಸಿದ್ರಲ್ಲ ಮಾರಾಯ್ರೆ. ನಾಳೆ ಬಾ ಅಂದ್ರೂ ನೀವು ಆಯ್ತು ಅಂತೀರಿ. ಮಾಡಿದ್ದಕ್ಕೂ ಆಯ್ತು, ಮಾಡ್ತೇನೆ ಅನ್ನುದಕ್ಕೂ ಆಯ್ತು. ನಮ್ಮ ತುಳುವಿನಲ್ಲಿ ನೋಡಿ, ಮುಗಿದರೆ ‘ಆಂಡ್’, ಒಪ್ಪಿದರೆ ‘ಆವು’. ಬೇರೆ ಬೇರೆ ಉಂಟು. ಪೂರ್ತಿ ಹೇಳಿ ಅವರಿಗೆ."

"ಹೇಳ್ತೀನಿ ಬಿಡಿ ಸದಾಶಿವಣ್ಣ" ಎಂದೆ. ಹೇಳಲಿಲ್ಲ. ಅಷ್ಟು ಚೆನ್ನಾಗಿ ಹೊಗಳಿಸಿಕೊಂಡ ಮೇಲೆ ಇನ್ನೊಂದು ಅರ್ಥವೂ ಇದೆ ಅನ್ನಲು ಮನಸ್ಸು ಬರಲಿಲ್ಲ.

ಆ ಪದ ನಮ್ಮಿಬ್ಬರ ನಡುವೆ ಒಂದು ಆಟದ ಹಾಗೆ ಬೆಳೆಯಿತು. ದೂರದಿಂದಲೇ "ಆಯ್ತಾ ನಂಜು?" ಅನ್ನುತ್ತಿದ್ದರು. ಕೆಲಸ ಮುಗಿದಿದ್ದರೆ ಮಾತ್ರ ನಾನು "ಆಯ್ತು" ಅನ್ನುತ್ತಿದ್ದೆ. ಇಲ್ಲದಿದ್ದರೆ "ಇನ್ನೂ ಇಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಅವರು ಮೊದಮೊದಲು ನನ್ನ ಹಿಂದೆಯೇ ಹೋಗಿ ಬೋಲ್ಟು ಮುಟ್ಟಿ ನೋಡುತ್ತಿದ್ದರು. ಒಂದು ಸಲವೂ ಸಡಿಲ ಸಿಗಲಿಲ್ಲ. ನಿಯಮದ ಪ್ರಕಾರ ತಪಾಸಣೆಯ ಹಾಳೆ ಕೈಗೆ ಬಂದ ಮೇಲೆಯೇ ಅವರು ಗಾಡಿ ಬಿಡುವ ಪರವಾನಗಿಗೆ ಸಹಿ ಹಾಕಬೇಕು. ಬಾಯಿಮಾತಿಗೆ ಸಹಿ ಹಾಕಿದವರೇ ಅಲ್ಲ ಅವರು. ಎರಡು ವಾರದ ಮೇಲೆ ಒಂದು ಸಲ ಪ್ರಿಂಟರ್ ಕೆಟ್ಟಾಗ, "ಹಾಳೆ ಆಮೇಲೆ ಕೊಡು, ನಿನ್ನ ಆಯ್ತು ಸಾಕು" ಎಂದರು. ಅದೇ ರೂಢಿಯಾಯಿತು. ನನಗೆ ಅದು ಎಷ್ಟು ದೊಡ್ಡ ಗೌರವವಾಗಿತ್ತೆಂದರೆ ಮನೆಗೆ ಹೋಗಿ ವಾಣಿಗೆ ಹೇಳಿಕೊಂಡಿದ್ದೆ.

ಎಂಟನೇ ತಿಂಗಳಿಗೆ ವಾಣಿಯ ಸೀಮಂತ. ನಮ್ಮ ಅಲ್ ವುಕೈರ್ ಫ್ಲ್ಯಾಟಿನಲ್ಲಿ ಹತ್ತು ಜನ ಕೂತರೆ ಹನ್ನೊಂದನೆಯವರು ಬಚ್ಚಲಲ್ಲಿ ನಿಲ್ಲಬೇಕು. ಅದಕ್ಕೆ ಸದಾಶಿವಣ್ಣನ ಮನೆಯವರು, ಅಬು ಹಮೂರಿನ ತಮ್ಮ ವಿಲ್ಲಾದಲ್ಲೇ ಮಾಡೋಣ ಎಂದು ಮುಂದೆ ಬಂದರು. ಗುರುವಾರ ಸಂಜೆ ಎಂದು ಗೊತ್ತಾಯಿತು. ಗ್ರೆಗರ್‌ರನ್ನೂ ಕರೆದೆವು. ಬರುತ್ತೇನೆ ಎಂದರು. ಮಗುವಿಗೆ ತಂಗಿಯ ಕೈಲಿ ಏನೋ ಹೆಣೆಸುತ್ತಿದ್ದೇನೆ ಎಂದೂ ಹೇಳಿದರು.

ಗುರುವಾರ ಮಧ್ಯಾಹ್ನ ಮೂರರ ಮೇಲೆ ಹಳಿ ತಪಾಸಣೆಗೆ ಇಳಿದೆ. ಅವತ್ತಿನ ಸೆಕೆ ಹೇಳತೀರದು. ಹನ್ನೊಂದು ಜೋಡಣೆ ಮುಗಿಸುವಷ್ಟರಲ್ಲಿ ಐದು ಗಂಟೆ. ಮೈಯೆಲ್ಲ ಗ್ರೀಸು. ಮನೆಗೆ ಹೋಗಿ ಸ್ನಾನ ಮಾಡಬೇಕು, ಹೂವು ತರಬೇಕು, ಹಸಿರು ಬಳೆ ತರಬೇಕು. ಗಾಡಿ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಎಂದು ಗೊತ್ತಿತ್ತು. ಉಳಿದ ಐದನ್ನು ಬೆಳಿಗ್ಗೆ ಆರಕ್ಕೆ ಬಂದು ಮುಗಿಸಿದರಾಯಿತು ಎಂದುಕೊಂಡು ಬೋಲ್ಟ್ ತಿರುಗಿಸುವ ಪಾನಾವನ್ನು ಪೆಟ್ಟಿಗೆಗೆ ಹಾಕಿ ಹೊರಟೆ. ಗ್ರೆಗರ್ ಮೀಟಿಂಗಿನಲ್ಲಿದ್ದರು. ಹೇಳಿಹೋಗಬಹುದಿತ್ತು, ಒಂದು ಮೆಸೇಜು ಕಳಿಸಬಹುದಿತ್ತು. ಅವಸರ ಅಂದುಕೊಂಡೆ. ಅವಸರವೇನೂ ಅಷ್ಟಿರಲಿಲ್ಲ. ಅರ್ಧ ಕೆಲಸ ಬಿಟ್ಟು ಹೋಗುತ್ತೇನೆ ಅಂತ ಅವರ ಮುಂದೆ ಹೇಳಲು ಮುಜುಗರ, ಅಷ್ಟೇ.

ವಾಣಿ ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಹೆಂಗಸರು ಆರತಿ ಹಾಡುತ್ತಿದ್ದರು, ಅರ್ಧ ಮೈಸೂರಿನ ಧಾಟಿ, ಅರ್ಧ ಕರಾವಳಿಯದು, ಯಾವುದಕ್ಕೂ ತಾಳ ಕೂಡುತ್ತಿರಲಿಲ್ಲ. ಆರೂವರೆ ಹೊತ್ತಿಗೆ ಗ್ರೆಗರ್ ಫೋನು ಬಂತು. ನಾನು ಒಂದು ಕಿವಿ ಮುಚ್ಚಿಕೊಂಡು ಬಾಗಿಲ ಬಳಿ ಹೋದೆ.

"ವಾಣಿಗೆ ಕ್ಷಮೆ ಕೇಳು ನಂಜು, ಬರೋಕೆ ಆಗ್ತಿಲ್ಲ. ಗಾಡಿ..." ಮುಂದಿನ ಮಾತು ಹಾಡಿನಲ್ಲಿ ಮುಳುಗಿತು. ‘ಬೇಗ’ ಎನ್ನುವ ಪದ ಕೇಳಿಸಿತು. ‘ಸಹಿ’ ಎನ್ನುವ ಪದವೂ ಕೇಳಿಸಿತು. ಆಮೇಲೆ ಸ್ಪಷ್ಟವಾಗಿ, ಕನ್ನಡದಲ್ಲಿ, "ಆಯ್ತಾ?"

"ಆಯ್ತು" ಎಂದೆ.

ಆ ಕ್ಷಣ ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ಒಂಬತ್ತು ವರ್ಷದಿಂದ ಕೆದಕಿ ನೋಡುತ್ತಿದ್ದೇನೆ. ‘ಆಗಲಿ, ಬೆಳಿಗ್ಗೆ ನೋಡ್ಕೋತೀನಿ’ ಅಂತಲೇ ಇತ್ತು ಎಂದು ನನ್ನ ಪರವಾಗಿ ನಾನೇ ವಾದಿಸಿದ್ದೇನೆ. ಆದರೆ ಅವರು ಅದನ್ನು ಹೇಗೆ ತಿಳಿದುಕೊಳ್ಳುತ್ತಾರೆ ಅಂತ ಲೋಕದಲ್ಲಿ ಚೆನ್ನಾಗಿ ಗೊತ್ತಿದ್ದವನು ನಾನೊಬ್ಬನೇ. ಗಾಡಿಗೇನಾಯಿತು, ಇನ್ನೊಮ್ಮೆ ಹೇಳಿ, ಅಂತ ಕೇಳಲು ಐದು ಸೆಕೆಂಡು ಸಾಕಿತ್ತು. ಕೇಳಲಿಲ್ಲ. ಒಳಗೆ ಎಲೆ ಹಾಕುತ್ತಿದ್ದರು.

ಬಿಸಿಲೇರುವ ಮೊದಲೇ ಕೆಲಸ ಮುಗಿಯಲಿ ಅಂತ ಗಾಡಿಯನ್ನು ಎಂಟರಿಂದ ಐದಕ್ಕೆ ತಂದಿದ್ದರು. ಗ್ರೆಗರ್ ಹೇಳಿದ್ದು ಅದನ್ನೇ. ನನ್ನ ಮಾತು ನಂಬಿ ಅವರು ಸಹಿ ಹಾಕಿದರು. ಬೆಳಿಗ್ಗೆ ಆರಕ್ಕೆ ನಾನು ಯಾರ್ಡಿನ ಗೇಟು ತಲುಪಿದಾಗ ಜನ ಗುಂಪಾಗಿ ನಿಂತಿದ್ದರು. ಹದಿಮೂರನೇ ಜೋಡಣೆಯಲ್ಲಿ ಫಿಶ್ ಪ್ಲೇಟ್ ಬಿಚ್ಚಿಕೊಂಡು ಹಳಿಯ ತುದಿ ಸರಿದಿತ್ತು. ಎರಡು ವ್ಯಾಗನ್ ಪಕ್ಕಕ್ಕೆ ವಾಲಿ ಮರಳಿನಲ್ಲಿ ಹೂತಿದ್ದವು. ಯಾರಿಗೂ ಒಂದು ಗಾಯವೂ ಆಗಿರಲಿಲ್ಲ, ಅದೊಂದು ಪುಣ್ಯ. ಗ್ರೆಗರ್ ಹಳಿಯ ಪಕ್ಕ ಮಂಡಿಯೂರಿ ಕೂತು ಒಂದು ಬೋಲ್ಟನ್ನು ಬೆರಳಿನಿಂದ ತಿರುಗಿಸುತ್ತಿದ್ದರು. ಅದು ಸಲೀಸಾಗಿ ತಿರುಗುತ್ತಿತ್ತು. ನನ್ನನ್ನು ನೋಡಿ ಮತ್ತೆ ಬೋಲ್ಟಿನ ಕಡೆಗೇ ತಿರುಗಿದರು.

ನಾಲ್ಕನೇ ದಿನ ವಿಚಾರಣೆ. ಉದ್ದದ ಮೇಜು, ಆಚೆ ಮೂವರು. ಮಧ್ಯದಲ್ಲಿದ್ದವರು ಕಂಪನಿಯ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಲೆಬನಾನಿನವರು. ಈಚೆ ಗ್ರೆಗರ್, ಅವರ ಪಕ್ಕ ನಾನು. ಗ್ರೆಗರ್ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಹಾಳೆ ಬರುವ ಮೊದಲೇ ಸಹಿ ಹಾಕಿದ್ದು ನನ್ನ ತಪ್ಪು ಎಂದರು. ತಪಾಸಣೆ ಮುಗಿದಿದೆಯಾ ಅಂತ ಫೋನಿನಲ್ಲಿ ಕೇಳಿದೆ, ಮುಗಿದಿದೆ ಅಂದ, ಎಂದರು.

"ಯಾವ ಮಾತಿನಲ್ಲಿ ಹೇಳಿದ?"

"ಅವನ ಭಾಷೆಯಲ್ಲಿ. ಆಯ್ತು ಅಂತ."

ಮೂವರೂ ಮುಖ ಮುಖ ನೋಡಿಕೊಂಡರು. "ಅಂದರೆ ಏನು?"

"ಅವನನ್ನೇ ಕೇಳಿ, ಅವನ ಭಾಷೆ" ಎಂದರು ಗ್ರೆಗರ್. ಹಾಗನ್ನುವಾಗ ನನ್ನ ಕಡೆ ತಿರುಗಿ ಸಣ್ಣಗೆ ನಕ್ಕರು. ಇನ್ನೇನು ಎಲ್ಲ ಸರಿಹೋಯಿತು ಅನ್ನುವ ಹಾಗೆ.

ಕೆಲಸ ಹೋದರೆ ವೀಸಾ ಹೋಗುತ್ತದೆ. ತುಂಬು ಬಸುರಿಯನ್ನು ವಿಮಾನ ಹತ್ತಿಸುವುದಿಲ್ಲ. ಇದನ್ನೆಲ್ಲ ಹಿಂದಿನ ಮೂರು ದಿನ ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ. ಉತ್ತರವೂ ತಯಾರಾಗಿತ್ತು.

"ಓಕೆ ಅಂತ ಅರ್ಥ" ಎಂದೆ. "ಆಗಲಿ, ನೋಡ್ತೀನಿ ಅನ್ನೋ ಹಾಗೆ. ಬೆಳಿಗ್ಗೆ ಬಂದು ಮುಗಿಸೋಣ ಅಂತಿದ್ದೆ."

ನಾನು ಸುಳ್ಳು ಹೇಳಲಿಲ್ಲ. ಕನ್ನಡ ಬಲ್ಲ ಯಾರನ್ನು ಬೇಕಾದರೂ ಕರೆಸಿ ಕೇಳಿ, ಹೌದು ಅನ್ನುತ್ತಾರೆ. ಸುಳ್ಳಾಗಿದ್ದರೆ ಯಾವತ್ತಾದರೂ ಹಿಡಿದು ಕೆಡವಬಹುದಿತ್ತು. ಇದು ನಿಜವಾಗಿದ್ದುಕೊಂಡೇ ಅವರನ್ನು ಮುಗಿಸಿತು.

ಗ್ರೆಗರ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. "ಹಾಗಾದರೆ ನಾನೇ ತಪ್ಪಾಗಿ ಕಲಿತೆ" ಎಂದರು. ಮೇಜಿನಾಚೆಯವರು ಅದನ್ನೂ ಬರೆದುಕೊಂಡರು. ನಾನು ಸುಮ್ಮನಿದ್ದೆ. ಅವರು ತಪ್ಪಾಗಿ ಕಲಿತಿಲ್ಲ, ಕಲಿಸಿದವನು ನಾನು ಅಂತ ಹೇಳಲು ಆಗಲೂ ಹೊತ್ತು ಮೀರಿರಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಸದಾಶಿವಣ್ಣ ನಿಂತಿದ್ದರು. "ಎಂತ ಕೇಳಿದ್ರು?"

"ಆಯ್ತು ಅಂದ್ರೆ ಏನು ಅಂತ."

"ಎಂತ ಹೇಳಿದ್ರಿ?"

"ಓಕೆ ಅಂತ."

"ಆವು" ಎಂದು ಹೇಳಿ ನಡೆದುಬಿಟ್ಟರು. ಮುಗಿಯಿತು ಅನ್ನುವ ಆಂಡ್ ಅನ್ನಲಿಲ್ಲ, ಆಗಲಿ ಅನ್ನುವ ಆವು ಅಂದರು. ಅಲ್ಲಿಂದ ಮುಂದೆ ಹಬ್ಬಕ್ಕೆ ಅವರ ಮನೆಯಿಂದ ವಾಣಿಗೆ ಫೋನು ಬರುತ್ತಿತ್ತೇ ಹೊರತು ನನಗೆ ಬರಲಿಲ್ಲ.

ನನಗೆ ಒಂದು ಎಚ್ಚರಿಕೆ ಪತ್ರ ಕೊಟ್ಟರು. ಗ್ರೆಗರ್‌ರನ್ನು ಕೆಲಸದಿಂದ ತೆಗೆದರು. ನಲವತ್ತಾರು ವರ್ಷದ ಕೊನೆಗೆ, ತಪಾಸಣೆ ಇಲ್ಲದೆ ಸಹಿ ಹಾಕಿದರು ಎಂಬ ಒಂದು ಸಾಲು. ಅವರು ಯಾರ್ಡಿಗೆ ಕೊನೆಯದಾಗಿ ಬಂದ ದಿನ ನಾನು ಸ್ಟೋರಿನಲ್ಲಿ ಬೋಲ್ಟು ಎಣಿಸುವವನ ಹಾಗೆ ನಟಿಸುತ್ತ ಒಂದು ಗಂಟೆ ಅಡಗಿದ್ದೆ. ಕ್ಯಾಬಿನ್ನಿಗೆ ಬಂದಾಗ ನನ್ನ ಮೇಜಿನ ಮೇಲೆ ಒಂದು ಕಾಗದದ ಚೀಲ. ಒಳಗೆ ಬೂದು ಬಣ್ಣದ ಉಣ್ಣೆಯ ಟೊಪ್ಪಿ, ಅಂಗೈಯಗಲದ್ದು. ಅವರ ತಂಗಿ ಹೆಣೆದು ಕಳಿಸಿದ್ದು, ವಿಚಾರಣೆಯ ಮಾರನೇ ದಿನ ತಲುಪಿತ್ತಂತೆ. ಕತಾರಿನ ಸೆಪ್ಟೆಂಬರಿಗೆ ಉಣ್ಣೆ ಟೊಪ್ಪಿ. ಅದನ್ನು ಅವರು ಕೊಡದೆ ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ತಿಂಗಳ ಕೊನೆಗೆ ಇಂಚರ ಹುಟ್ಟಿದಳು. ಡಿಸೆಂಬರಿನಲ್ಲಿ ಗ್ರೆಗರ್ ಕುರ್ಚಿ ನನಗೇ ಬಂತು. ಬೇಡ ಅನ್ನಲಿಲ್ಲ. ಆಮೇಲೆ ಲೈನು ಮುಗಿದು ಮೊದಲ ಗಾಡಿ ಹೊರಟ ದಿನ ಕೆಲಸ ಮಾಡಿದವರನ್ನೆಲ್ಲ ಕರೆದು ಕೂರಿಸಿದರು. ಕಿಟಕಿಯ ಪಕ್ಕ ನನಗೆ ಜಾಗ ಸಿಕ್ಕಿತು. ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ನಿದ್ದೆ ಬಂದವನ ಹಾಗೆ.

ಇದೆಲ್ಲ ವಾಣಿಗೆ ಗೊತ್ತಿರಲಿಲ್ಲ. ಗ್ರೆಗರ್ ರಿಟೈರಾಗಿ ಹೋದರು ಅಂತ ಹೇಳಿದ್ದೆ. ಅವಳು ಅವರನ್ನು ನೆನೆಸಿಕೊಂಡಾಗೆಲ್ಲ ಮಾತು ಬದಲಿಸುತ್ತಿದ್ದೆ. ಒಳಗೊಳಗೆ ಮಾತ್ರ, ನಿನಗೋಸ್ಕರ, ಆ ಮಗುವಿಗೋಸ್ಕರ ಮಾಡಿದೆ ಕಣೆ, ಅಂತ ಅವಳ ಮೇಲೆ ಸಾಲ ಹೊರಿಸುತ್ತಲೇ ಬಂದಿದ್ದೆ.

ಪೆಪ್ಪರ್‌ಮೆಂಟು ಮೂಗಿಗೆ ಬಡಿದ ಆ ಸಂಜೆ ಮನೆಗೆ ಬಂದು ಇಂಚರಳನ್ನು ಕೇಳಿದೆ. "ಹೋಮ್‌ವರ್ಕ್ ಆಯ್ತಾ?"

"ಆಯ್ತು ಅಪ್ಪ" ಎಂದಳು ಟಿವಿಯಿಂದ ಕಣ್ಣು ತೆಗೆಯದೆ.

ಮಾರನೇ ದಿನ ಸ್ಕೂಲಿನಿಂದ ಮೆಸೇಜು. ಏನೂ ಬರೆದಿಲ್ಲ. ನಾನು ರೇಗಿದೆ. "ಆಯ್ತು ಅಂತ ಸುಳ್ಳು ಹೇಳಿದ್ಯಲ್ಲ ನಿನ್ನೆ?"

"ಸುಳ್ಳಲ್ಲಪ್ಪ, ನಾನು ಓಕೆ ಅಂದೆ. ಡನ್ ಅನ್ಲಿಲ್ಲ. ಆಯ್ತು ಅಂದ್ರೆ ಓಕೆ ಅಲ್ವಾ?"

ಅವಳ ಕನ್ನಡ ಅಷ್ಟಕ್ಕಷ್ಟೇ. ಆದರೆ ಅದರಲ್ಲಿ ಎಲ್ಲಿ ನುಸುಳಬಹುದು ಅನ್ನುವುದು ಯಾರೂ ಹೇಳಿಕೊಡದೆ ಬಂದುಬಿಟ್ಟಿದೆ. ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. ಮಗುವನ್ನು ಆಡಲು ಕಳಿಸಿ, ವಾಣಿಯನ್ನು ಕರೆದು ಎಲ್ಲ ಹೇಳಿದೆ. ಕೊನೆಗೆ ಆ ಮಾತೂ ಹೇಳಿದೆ, ನೀನು ಹಾಗಿದ್ದೆ, ನಿನಗೋಸ್ಕರ ಅಂತ.

"ನನ್ನ ಹೊಟ್ಟೆ ಮೇಲೆ ಹಾಕ್ಬೇಡಿ ಇದನ್ನ" ಎಂದಳು. "ನಾನು ಕೇಳಿದ್ನಾ? ನನಗೆ ಒಂದು ಮಾತು ಹೇಳಿದ್ರೆ ಡಾಕ್ಟರ್ ಚೀಟಿ ತಗೊಂಡು ಊರಿಗೆ ಹೋಗಿ ಅಮ್ಮನ ಮನೇಲಿ ಹೆರ್ತಿದ್ದೆ. ಆ ಮನುಷ್ಯನಿಗೆ ಎರಡು ತಿಂಗಳು ಮೊಸರನ್ನ ಕಟ್ಟಿದೀನಿ ನಾನು."

ಬೀರುವಿನಿಂದ ಆ ಟೊಪ್ಪಿ ತಂದು ನನ್ನ ಮುಂದಿಟ್ಟು ಅಡುಗೆಮನೆಗೆ ಹೋದಳು.

ಗ್ರೆಗರ್ ವಿಳಾಸಕ್ಕಾಗಿ ಸದಾಶಿವಣ್ಣನಿಗೆ ಫೋನು ಮಾಡಿದೆ. ಅವರು ಈಗಲೂ ಇಲ್ಲೇ ಇದ್ದಾರೆ, ಅದೇ ಅಬು ಹಮೂರಿನಲ್ಲಿ. ಯಾಕೆ ಅಂ​ತ ಕೇಳಲಿಲ್ಲ. "ವರ್ಷಕ್ಕೊಮ್ಮೆ ಅವರ ಮೇಲ್ ಬರ್ತದೆ ನನಗೆ. ಆರೋಗ್ಯ ಅಷ್ಟು ಸರಿ ಇಲ್ಲ. ನೀವು ಕೇಳ್ತೀರಿ ಅಂತ ಒಂಬತ್ತು ವರ್ಷದಿಂದ ಕಾಯ್ತಾ ಇದ್ದೆ ಮಾರಾಯ್ರೆ" ಎಂದು ವಿಳಾಸ ಕಳಿಸಿದರು.

ಮೂರು ಸಲ ಬರೆದು ಅಳಿಸಿದೆ. ಮೊದಲನೆಯದರಲ್ಲಿ ಬರೀ ನನ್ನ ಕಷ್ಟವೇ ತುಂಬಿತ್ತು. ಕೊನೆಗೆ ಉಳಿದದ್ದು ಇಷ್ಟು. ಅವತ್ತು ಹದಿನಾರರಲ್ಲಿ ಹನ್ನೊಂದನ್ನೇ ನೋಡಿದ್ದೆ. ನೀವು ‘ಆಯ್ತಾ’ ಅಂದಾಗ ಏನು ಕೇಳುತ್ತಿದ್ದೀರಿ ಅಂತ ನನಗೆ ಗೊತ್ತಿತ್ತು. ಆ ಪದಕ್ಕೆ ಎರಡು ಅರ್ಥ ಇದೆ, ನಿಮಗೆ ಒಂದನ್ನೇ ಕಲಿಸಿದೆ, ಮೇಜಿನ ಮುಂದೆ ಇನ್ನೊಂದನ್ನು ಹೇಳಿದೆ. ನೀವು ತಪ್ಪಾಗಿ ಕಲಿತಿರಲಿಲ್ಲ. ಇದನ್ನೇ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಅದರ ಚಿತ್ರವನ್ನೂ ಸೇರಿಸಿದೆ. ನಾನು ಈಗ ಕೆಲಸ ಮಾಡುವ ಕಂಪನಿಯ ಮುಖ್ಯಸ್ಥರ ವಿಳಾಸ ಕೊಟ್ಟು, ಇದನ್ನು ಅವರಿಗೂ ಬೇರೆ ಯಾರಿಗೆ ಬೇಕಾದರೂ ತೋರಿಸಬಹುದು ಎಂದು ಬರೆದೆ. ಈಗಿನ ಕೆಲಸವೂ ಹಳಿ ತಪಾಸಣೆಯದೇ. ಕಳಿಸುವ ಮೊದಲು ಆ ಮುಖ್ಯಸ್ಥರ ವಿಳಾಸವನ್ನು ಒಮ್ಮೆ ಅಳಿಸಿ ಮತ್ತೆ ಬರೆದೆ ಅಂತ ಒಪ್ಪಿಕೊಳ್ಳಬೇಕು. ಆ ಅಳುಕು ಅವರಿಗಾಗಿ ಇರಲಿಲ್ಲ.

ಹನ್ನೊಂದು ದಿನ ಏನೂ ಬರಲಿಲ್ಲ. ಮೇಲ್ ತೆಗೆದು ನೋಡುವುದೇ ಕೆಲಸವಾಯಿತು. ಹನ್ನೆರಡನೇ ದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಬಂತು. ಒಂದೇ ಸಾಲು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

"ಆಯ್ತು, ನಂಜು."

ಅಷ್ಟೇ. ಮೇಲೆ ಕೆಳಗೆ ಸರಿಸಿ ನೋಡಿದೆ, ಇನ್ನೇನೂ ಇರಲಿಲ್ಲ.

ಇಂಚರ ನನ್ನ ಭುಜದ ಮೇಲಿಂದ ಬಗ್ಗಿ ಓದಿದಳು. "ಓಕೆ ಅಂದಿದಾರೆ ಅಪ್ಪ" ಎಂದಳು.

ವಾಣಿ ಫೋನು ತೆಗೆದುಕೊಂಡು ನೋಡಿದಳು. "ಮುಗೀತು ಅಂತ ಇರ್ಬೇಕು" ಎಂದಳು.

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಭಾಷೆ, ನಾನೇ ಹೇಳಬೇಕಲ್ಲ.

"ಗೊತ್ತಿಲ್ಲ" ಎಂದೆ.